ಗೇಟಿನ ತನಕ, ಮನೆಯ ತನಕ

ನಮ್ಮ ಯಂತ್ರ ಮೊದಲು ಹಿಡಿದುಕೊಟ್ಟ ಕುಡುಕ, ಜೀವಮಾನದಲ್ಲಿ ಈರುಳ್ಳಿಯನ್ನೂ ಬಾಯಿಗೆ ಇಡದ ಮನುಷ್ಯ.

ಅವರು ಶೇಡಬಾಳದ ಜೈನ ರೈತರು. ವಯಸ್ಸು ಅರವತ್ತರ ಆಸುಪಾಸು. ಸ್ವಂತ ಟ್ರ್ಯಾಕ್ಟರಿಗೆ ಎರಡು ಟ್ರೇಲರ್ ಜೋಡಿಸಿಕೊಂಡು, ತಮ್ಮ ಮತ್ತು ಅಣ್ಣತಮ್ಮಂದಿರ ಹೊಲದ ಕಬ್ಬನ್ನು ಹಂಗಾಮಿನುದ್ದಕ್ಕೂ ತಾವೇ ಸಕ್ಕರೆ ಕಾರ್ಖಾನೆಗೆ ತರುತ್ತಿದ್ದರು. ಕಬ್ಬಿನ ಗಾಡಿಗಳು ಸಾಲುಗಟ್ಟಿ ಕಾಯುವ ಕಾರ್ಖಾನೆಯ ಯಾರ್ಡಿನಲ್ಲಿ ಎಲ್ಲರಿಗೂ ಅವರು ಕಾಕಾ. ನಾನು ಆ ಕಾರ್ಖಾನೆಗೆ ಸುರಕ್ಷತಾ ಅಧಿಕಾರಿಯಾಗಿ ಸೇರಿ ಆಗಿನ್ನೂ ಕೆಲವೇ ತಿಂಗಳಾಗಿದ್ದವು. ಮೇಜಿನ ಮೇಲೆ ಪೊಲೀಸ್ ಠಾಣೆಯಿಂದ ಬಂದ ಉಸಿರು ತಪಾಸಣೆ ಯಂತ್ರ, ಪಕ್ಕದಲ್ಲಿ ಊದುವ ನಳಿಕೆಗಳ ಪೊಟ್ಟಣ, ಬಾಯಿ ಮುಕ್ಕಳಿಸಲು ನೀರಿನ ಕೊಡ. ತಂಬಾಕು ತುಂಬಿದ ಬಾಯಿಯಲ್ಲಿ ಊದಿದರೆ ನಳಿಕೆ ಕಟ್ಟಿಕೊಳ್ಳುತ್ತಿತ್ತು. ಅದಕ್ಕೇ ಮೊದಲು ಮುಕ್ಕಳಿಸಿ, ಸ್ವಲ್ಪ ಹೊತ್ತು ಕುಳಿತು, ಆಮೇಲೆ ಊದಬೇಕೆಂಬ ನಿಯಮ ಮಾಡಿದ್ದೆವು.

ಕಾಕಾ ಮುಕ್ಕಳಿಸಿದರು, ಕುಳಿತರು, ಊದಿದರು. ಯಂತ್ರ ಒಂದು ಅಂಕಿ ತೋರಿಸಿತು. ಕಾನೂನಿನ ಮಿತಿ ದಾಟಿರಲಿಲ್ಲ, ಆದರೆ ಸೊನ್ನೆಯೂ ಆಗಿರಲಿಲ್ಲ. ಸಾಲಿನಲ್ಲಿ ನಿಂತವರಿಗೆ ಮಿತಿಯ ಲೆಕ್ಕ ಬೇಕಿರಲಿಲ್ಲ.

"ಏ ಕಾಕಾ! ಬಸದಿಗೆ ಹೋಗಿ ಬರ್ತೇನಂತ ಹೇಳಿ ಎತ್ತಾಗ ಹೊಳ್ಳಿದ್ರಿ?"

"ಹಗೂರ ಮಾತಾಡಲೇ, ಕಾಕಾಗ ಏರೈತಿ!"

ಕಾಕಾ ನಗಲಿಲ್ಲ. ಯಂತ್ರದ ಗಾಜಿನ ಮೇಲೆ ಬೆರಳಿಟ್ಟು, "ಮೇಡಮ್ಮಾರ, ನನ್ನ ಹೆಸರಿನ ಮುಂದ ಈ ಅಂಕಿ ಇಡಬ್ಯಾಡ್ರಿ" ಎಂದಷ್ಟೇ ಹೇಳಿ ಅಲ್ಲೇ ಕುಳಿತರು. ಅವರ ಹಿಂದಿನ ಗಾಡಿಗಳು ಹಾರ್ನ್ ಹೊಡೆಯತೊಡಗಿದವು.

ನನಗೆ ಬೇರೇನೂ ತೋಚದೆ ಹೊಸ ನಳಿಕೆ ಹಾಕಿಕೊಂಡು ನಾನೇ ಊದಿದೆ. ಹೆಚ್ಚುಕಡಿಮೆ ಅದೇ ಅಂಕಿ ಬಂತು. ಆಗ ಎದ್ದ ನಗೆ ತೂಕದ ಕಾಟಾದ ತನಕ ಕೇಳಿಸಿರಬೇಕು. "ಮೇಡಮ್ಮಾರೂ ಮುಂಜಾನಿಂದನ ಚಾಲೂ ಮಾಡ್ಯಾರಲೇ!" ಎಂದು ಯಾರೋ ಕೂಗಿದರು.

ಕಾರಣ ಗಾಳಿಯಲ್ಲಿತ್ತು. ನೆರಳು ಚೆನ್ನಾಗಿದೆಯೆಂದು ನಾನು ಮೇಜು ಹಾಕಿಸಿದ್ದ ಜಾಗದ ಮೂಡಣಕ್ಕೆ ಕಾರ್ಖಾನೆಯ ಡಿಸ್ಟಿಲರಿ. ಅಲ್ಲಿ ಟ್ಯಾಂಕರುಗಳಿಗೆ ಇಥೆನಾಲ್ ತುಂಬುತ್ತಾರೆ. ಬೆಳಿಗ್ಗೆ ಯಂತ್ರದ ಸೊನ್ನೆ ಪರೀಕ್ಷೆ ಮಾಡಿದಾಗ ಗಾಳಿ ಬೇರೆ ಕಡೆ ಬೀಸುತ್ತಿತ್ತು. ಮಧ್ಯಾಹ್ನ ಅದು ತಿರುಗಿ, ತುಂಬುವ ಟ್ಯಾಂಕರಿನ ಆವಿಯನ್ನು ನೇರ ನಮ್ಮ ಮೇಜಿಗೆ ತಂದಿತ್ತು. ಅಂದೇ ಮೇಜನ್ನು ಯಾರ್ಡಿನ ಪಡುವಣ ಮೂಲೆಗೆ ಸಾಗಿಸಿದೆ. ಪ್ರತಿ ಸಲ ಊದಿಸುವ ಮೊದಲು ಬರಿಯ ಗಾಳಿಯ ಪರೀಕ್ಷೆ ಆಗಲೇಬೇಕು, ಸಾಲು ಎಷ್ಟೇ ಉದ್ದವಿದ್ದರೂ, ಎಂದು ಬರೆದು ಅಂಟಿಸಿದೆ. ಆಮೇಲೆ ಕಾಟಾದ ಕೋಣೆಗೆ ಹೋಗಿ, ಗಾಡಿಗಳ ನಂಬರ್ ಕೂಗುವ ಮೈಕಿನಲ್ಲಿ ಹೇಳಿದೆ: ಯಂತ್ರದ್ದೇ ತಪ್ಪು, ಕಾಕಾರದ್ದಲ್ಲ. ಕಬ್ಬಿನ ಯಾರ್ಡಿನಲ್ಲಿ ಆ ಮೈಕಿನಲ್ಲಿ ಬಂದ ಮಾತಷ್ಟೇ ಖರೆ.

ಮರುದಿನ ಕಾಕಾ ಎಲ್ಲರಿಗಿಂತ ಮೊದಲು ಬಂದು ಊದಿದರು. ಸೊನ್ನೆ. "ಈಗ ಮಷಿನ್ ಬಾಯಿ ತೊಳಕೊಂಡೈತಿ" ಎಂದರು.

ಈ ಮೇಜು ಯಾಕೆ ಬಂತು ಎಂದು ಹೇಳಬೇಕು. ನಾನು ಸೇರುವ ಮೊದಲಿನ ಹಂಗಾಮಿನಲ್ಲಿ, ಕಬ್ಬು ಖಾಲಿ ಮಾಡಿ ಹೊರಟ ಒಂದು ಟ್ರ್ಯಾಕ್ಟರಿನ ಹಿಂದಿನ ಟ್ರೇಲರ್, ಗೇಟಿನಾಚೆಯ ತಿರುವಿನಲ್ಲಿ ಓಲಾಡಿ ಬಸ್ ನಿಲ್ದಾಣಕ್ಕೆ ಬಡಿದಿತ್ತು. ಡ್ರೈವರ್ ಕುಡಿದಿದ್ದ. ಭಾನುವಾರವಾದ್ದರಿಂದ ಅಲ್ಲಿ ಯಾರೂ ಇರಲಿಲ್ಲ. ಉಳಿದ ದಿನಗಳಲ್ಲಿ ನಾಲ್ಕೂವರೆಯ ಬಸ್ಸಿಗೆ ಹೈಸ್ಕೂಲಿನ ಹುಡುಗಿಯರು ಅಲ್ಲೇ ನಿಲ್ಲುತ್ತಾರೆ. ಮುರಿದ ಕಂಬ ಹಾಗೇ ಇತ್ತು, ಹುಡುಗಿಯರು ಅದಕ್ಕೆ ಬ್ಯಾಗು ತೂಗುಹಾಕುತ್ತಿದ್ದರು. ಠಾಣೆಯ ಪಿಎಸ್‌ಐ ಸಾಹೇಬರು ಯಂತ್ರ ಕೊಡುತ್ತೇನೆಂದರು. ಕಾರ್ಖಾನೆ ಜಾಗ, ನಳಿಕೆ ಮತ್ತು ನನ್ನನ್ನು ಕೊಟ್ಟಿತು, ಒಂದು ಷರತ್ತಿನ ಮೇಲೆ: ತಪಾಸಣೆಯಿಂದ ಕಬ್ಬಿನ ಸರಬರಾಜು ಒಂದು ಸಲ ನಿಂತರೂ ಮೇಜು ಎತ್ತಬೇಕು. ಮೇಜು ಹೋದರೆ ಆ ಹುಡುಗಿಯರಿಗೂ ಟ್ರೇಲರುಗಳಿಗೂ ನಡುವೆ ಉಳಿಯುವುದು ಆ ಮುರಿದ ಕಂಬ ಮಾತ್ರ.

ಮುಂದಿನ ದಿನಗಳಲ್ಲಿ ನನ್ನ ದಿನಚರಿಯ ತುಂಬ ಸೊನ್ನೆಗಳೇ. ಪ್ರತಿ ಸಂಜೆ ಅವನ್ನು ಕೂಡಿಸಿ ಪಿಎಸ್‌ಐ ಸಾಹೇಬರಿಗೆ ಫೋನಿನಲ್ಲಿ ಹೇಳುತ್ತಿದ್ದೆ, ಅವರು "ಭೇಷ್" ಎನ್ನುತ್ತಿದ್ದರು. ಈ ಸಂತೋಷವನ್ನು ಯಾರ್ಡ್ ಮೇಲ್ವಿಚಾರಕರ ಮುಂದೆಯೂ ಹೇಳಿಕೊಂಡೆ. ಇಪ್ಪತ್ತು ಹಂಗಾಮು ಕಂಡ ಮನುಷ್ಯ. ಅವರು ಚಹದ ಲೋಟ ಕೆಳಗಿಟ್ಟು, "ನನ್ನ ಕೂಡ ಬರ್ರಿಲ್ಲೆ" ಎಂದು ಯಾರ್ಡಿನ ಹಿಂಗೋಡೆಗೆ ಕರೆದೊಯ್ದರು. ಗೋಡೆಯ ಬುಡದಲ್ಲಿ ಖಾಲಿ ಬಾಟಲಿಗಳು ರಾಶಿ ಬಿದ್ದಿದ್ದವು.

"ನೀವು ಒಳಗ ಬರೂ ಮುಂದ ಊದಸ್ತೀರಿ. ತುಂಬಿದ ಗಾಡಿ ಹೊಡ್ಕೊಂಡ ಬರೂವಾಗ ಯಾಂವ ಕುಡೀತಾನ್ರಿ? ಅದು ಜೀವದ ಮ್ಯಾಲಿನ ಕೆಲಸ. ಕಾಟಾ ಆತು, ಕಬ್ಬ ಖಾಲಿ ಆತು ಅಂದ ಮ್ಯಾಲ ಕುಡೀತಾರ. ಅಷ್ಟೊತ್ತಿಗೆ ನೀವು ಹಾಜ್ರಿ ಹಚ್ಚಿ ಕೈ ತೊಳಕೊಂಡಿರ್ತೀರಿ."

ಗೇಟಿನೆದುರು ಮದ್ಯದಂಗಡಿ. ಪಿಎಸ್‌ಐ ಸಾಹೇಬರು ಅದರ ಮಾಲೀಕರನ್ನು ಕರೆಸಿ, ಹಗಲಲ್ಲಿ ಕೆಲವು ತಾಸು ಮುಚ್ಚಿರಿ ಎಂದರು. ಮಾಲೀಕರು ನಿಪ್ಪಾಣಿ ಕಡೆಯವರು, ಮರಾಠಿಯಲ್ಲಿ ಆರಂಭಿಸಿ ಕನ್ನಡದಲ್ಲಿ ಮುಗಿಸುವವರು.

"ಸಾಹೇಬ, ಮೀ ಕಾಯ್ ಮ್ಹಣತೋ, ನಾ ಏನ್ ಹೇಳ್ತೇನಂದ್ರ, ಮುಚ್ಚೂದು ನನಗ ತ್ರಾಸಿಲ್ಲ. ಮುಚ್ಚಿದರ ಅವರು ಮುಂದಿನ ಊರಿಗೆ ಹೋಗಿ ಕುಡದು ಬರ್ತಾರ. ಇಲ್ಲಿ ಕುಡದವ್ರು ನಿಮ್ಮ ಕಣ್ಣ ಮುಂದ ಇರ್ತಾರ, ಅಲ್ಲಿ ಕುಡದವ್ರು ರಸ್ತೇದಾಗ ಇರ್ತಾರ. ಯಾವುದು ಬೇಕು ನೀವ ಹೇಳ್ರಿ."

ಅವರ ಮಾತಿನಲ್ಲಿ ವ್ಯಾಪಾರ ಇತ್ತು, ಸತ್ಯವೂ ಇತ್ತು. ಅಂಗಡಿ ತೆರೆದೇ ಇರಲಿ, ಮೇಜು ಮಾತ್ರ ಹೊರಹೋಗುವ ಗೇಟಿಗೆ ಬರಲಿ ಎಂದು ತೀರ್ಮಾನವಾಯಿತು. ಮಿತಿ ದಾಟಿದವನ ಗಾಡಿ ಅವನು ಸರಿಹೋಗುವ ತನಕ ಯಾರ್ಡಿನ ಶೆಡ್ಡಿನಲ್ಲಿ.

ಎರಡು ದಿನ ನಾಲ್ಕಾರು ಮಂದಿ ಸಿಕ್ಕರು. ಮೂರನೆಯ ದಿನದಿಂದ ಮತ್ತೆ ಸೊನ್ನೆಗಳು. ಈ ಸಲ ನಾನು ಸಂತೋಷಪಡಲಿಲ್ಲ, ಗೋಡೆಯ ಬುಡದ ರಾಶಿ ಬೆಳೆಯುತ್ತಲೇ ಇತ್ತು. ಆದರೆ ಏನಾಗುತ್ತಿದೆ ಎಂಬುದು ಹೊಳೆಯಲಿಲ್ಲ. ಕಾಕಾ ದಿನಕ್ಕೆ ಹಲವು ಸಲ ನನ್ನ ಮುಂದೆ ಊದಿ ಹೋಗುತ್ತಿದ್ದುದನ್ನು ನೋಡಿಯೂ ಹೊಳೆಯಲಿಲ್ಲ.

ಯಾರ್ಡಿನಲ್ಲಿ ಒಂದು ರೂಢಿಯಿದೆ. ಸಾಲು ಮುಂದೆ ಸರಿಯುವಾಗ ಡ್ರೈವರ್ ಊಟಕ್ಕೋ ಸ್ನಾನಕ್ಕೋ ಹೋಗಿದ್ದರೆ ಪಕ್ಕದವನು ಅವನ ಗಾಡಿಯನ್ನೂ ಸರಿಸಿ ಕೊಡುತ್ತಾನೆ. ಯಾರೂ ಆಗುವುದಿಲ್ಲ ಎನ್ನುವುದಿಲ್ಲ. ಹಾಗೆಂದರೆ ನಾಳೆ ತನ್ನ ಗಾಡಿ ಸರಿಸುವವರು ಇರುವುದಿಲ್ಲ. ಕಾಕಾ ಈ ಉಪಕಾರಕ್ಕೆ ಹೆಸರಾದವರು. ಈಗ ಡ್ರೈವರುಗಳು ಅದನ್ನೇ ಗೇಟಿನ ತನಕ ಎಳೆದಿದ್ದರು. "ಕಾಕಾ, ಸ್ವಲ್ಪ ಹೊರಗ ಬಿಟ್ಟ ಕೊಡ್ರಿ" ಎಂದರೆ ಸಾಕು, ಕಾಕಾ ಏರಿ ಕುಳಿತು, ಗೇಟಿನಲ್ಲಿ ಊದಿ, ಸೊನ್ನೆ ಪಡೆದು, ತಿರುವಿನಲ್ಲಿ ಗಾಡಿಯನ್ನು ಅದರ ಡ್ರೈವರನಿಗೆ ಒಪ್ಪಿಸಿ ನಡೆದುಕೊಂಡು ವಾಪಸ್ ಬರುತ್ತಿದ್ದರು. ಆ ತಿರುವಿನಲ್ಲೇ ಬಸ್ ನಿಲ್ದಾಣ.

ಒಂದು ಗುರುವಾರ ಬಸ್ಸಿನ ಹೊತ್ತಿಗೆ ಹೊರಗಿನಿಂದ ಕಿರುಚಾಟ ಕೇಳಿ ಓಡಿದೆ. ಮುಗಳಖೋಡದ ಡ್ರೈವರೊಬ್ಬನ ಟ್ರ್ಯಾಕ್ಟರ್ ರಸ್ತೆಗೆ ಅಡ್ಡ ನಿಂತಿತ್ತು. ಮೂವತ್ತರೊಳಗಿನ ಹುಡುಗ. ಹಾಡು ಹಾಕಿಕೊಂಡು ಬಂದನೆಂದರೆ ಯಾರ್ಡೆಲ್ಲ ತಲೆಯಾಡಿಸುತ್ತಿತ್ತು. ಆಗಲೂ ಹಾಡು ನಡೆದೇ ಇತ್ತು. ಹಿಂದಿನ ಟ್ರೇಲರಿನ ಗಾಲಿ ಒಂದು ಸೈಕಲ್ಲಿನ ಮೇಲೆ ನಿಂತಿತ್ತು. ಸೈಕಲ್ಲಿನ ಹುಡುಗಿ ಮುರಿದ ಕಂಬ ಹಿಡಿದು ನಿಂತಿದ್ದಳು. ಅವಳಿಗೆ ಏನೂ ಆಗಿರಲಿಲ್ಲ. ಗೆಳತಿ ಕರೆದಳೆಂದು ಸೈಕಲ್ ಬಿಟ್ಟು ಎರಡು ಹೆಜ್ಜೆ ಆಚೆ ಹೋಗಿದ್ದಳು, ಅಷ್ಟೇ.

ಡ್ರೈವರ್ ಕೆಳಗಿಳಿದು ಗಾಲಿಯ ಹತ್ತಿರ ಕುಕ್ಕರಗಾಲಿನಲ್ಲಿ ಕುಳಿತಿದ್ದ. "ನಾ ನೋಡಲಿಲ್ರಿ, ನಾ ನೋಡಲಿಲ್ರಿ" ಎಂಬುದೊಂದೇ ಮಾತು. ಕಾಕಾ ಗೇಟಿನ ಕಡೆ ಅರ್ಧ ದಾರಿ ನಡೆದವರು ತಿರುಗಿ ಬಂದರು. ಬಂದು, ಮೊದಲು ಹಾಡು ಬಂದ್ ಮಾಡಿದರು.

ಪಿಎಸ್‌ಐ ಸಾಹೇಬರು ಬಂದಾಗ ಯಾರೂ ಏನೂ ಕೇಳುವ ಮುನ್ನ ಕಾಕಾ ಅವರೆದುರು ನಿಂತರು. "ಗಾಡಿ ನಾ ಕೊಟ್ಟೇನ್ರಿ ಅವಗ. ಕುಡದಾನ ಅಂತ ಗೊತ್ತಿದ್ದ ಕೊಟ್ಟೇನಿ. ನನ್ನ ಕೈಯಿಂದ ಕೊಟ್ಟೇನಿ."

ಡ್ರೈವರನನ್ನು ಆಸ್ಪತ್ರೆಗೆ ಒಯ್ದು ರಕ್ತ ಪರೀಕ್ಷೆ ಮಾಡಿಸಿ ಪ್ರಕರಣ ದಾಖಲಿಸಿದರು. ಮುಂದೆ ಅವನ ಲೈಸೆನ್ಸ್ ಮೂರು ತಿಂಗಳು ಅಮಾನತಾಯಿತು. ಕುಡಿದವನೆಂದು ತಿಳಿದೂ ಗಾಡಿ ಒಪ್ಪಿಸುವುದು ಅಪರಾಧ ಎಂದು ಪಿಎಸ್‌ಐ ಸಾಹೇಬರು ಕಾಕಾರಿಗೆ ಓದಿ ಹೇಳಿ, ಎಚ್ಚರಿಕೆ ಕೊಟ್ಟು ಕಳಿಸಿದರು. ಕಾಕಾ ಆ ಸೈಕಲನ್ನು ತಮ್ಮ ಟ್ರೇಲರಿನಲ್ಲಿ ಕಾಗವಾಡಕ್ಕೆ ಒಯ್ದು, ಗಾಲಿ ಕೂಡಿಸಿ ತಂದುಕೊಟ್ಟರು.

ಮರುದಿನ ಕಾಟಾದ ಕೋಣೆಯಲ್ಲಿ ನಾವು ನಾಲ್ವರು ಕುಳಿತೆವು: ಪಿಎಸ್‌ಐ ಸಾಹೇಬರು, ಯಾರ್ಡ್ ಮೇಲ್ವಿಚಾರಕರು, ಮದ್ಯದಂಗಡಿಯ ಮಾಲೀಕರು, ನಾನು. ಕಾಕಾರನ್ನು ನಾನೇ ಕರೆದಿದ್ದೆ. ಅವರು ಬಾಗಿಲ ಹತ್ತಿರ ನಿಂತೇ ಇದ್ದರು.

ರಾತ್ರಿಯಿಡೀ ನನ್ನ ತಲೆಯಲ್ಲಿ ಒಂದೇ ಪ್ರಶ್ನೆ ಇತ್ತು. ಇಷ್ಟು ಸಾಹಸ ಮಾಡಿ ಇವರು ಕುಡಿದ ಸ್ಥಿತಿಯಲ್ಲೇ ಹೊರಡುವುದು ಯಾಕೆ? ಉತ್ತರ ಕುಡಿತದಲ್ಲಿರಲಿಲ್ಲ, ಸಾಲಿನ ಪಾಳಿಯಲ್ಲಿತ್ತು. ಯಾರ್ಡಿಗೆ ಮೊದಲು ಬಂದ ಗಾಡಿಗೆ ಮೊದಲ ನಂಬರ್. ಶೆಡ್ಡಿನಲ್ಲಿ ಮೂರು ತಾಸು ಕುಳಿತವನು ಮುಂದಿನ ಖೇಪಿನ ಕಬ್ಬನ್ನು ಮೂರು ತಾಸು ತಡವಾಗಿ ತರುತ್ತಾನೆ. ಅಷ್ಟರಲ್ಲಿ ನೂರಾರು ಗಾಡಿ ಮುಂದೆ ಹೋಗಿರುತ್ತವೆ. ಹೊಲದಲ್ಲಿ ಕಡಿದಿಟ್ಟ ಕಬ್ಬು ಒಣಗಿ ತೂಕ ಇಳಿಯುತ್ತದೆ, ಹೊಲದ ಮಾಲೀಕ ಬೇರೆ ಗಾಡಿ ಹುಡುಕುತ್ತಾನೆ. ಪೊಲೀಸರ ಭಯಕ್ಕಿಂತ ಪಾಳಿ ತಪ್ಪುವ ಭಯ ದೊಡ್ಡದು.

ಹಾಗಾಗಿ ನಾನು ಹೇಳಿದ್ದು ಇಷ್ಟು: ಕುಡಿದಿದ್ದೇನೆ ಎಂದು ತಾನಾಗಿ ಬಂದು ಹೇಳುವವನ ಪಾಳಿ ಕಾಯೋಣ. ಅವನು ಎಷ್ಟು ಹೊತ್ತು ಶೆಡ್ಡಿನಲ್ಲಿ ಕುಳಿತನೋ ಅಷ್ಟು ಹೊತ್ತನ್ನು ಮುಂದಿನ ಖೇಪಿನ ಸಾಲಿನಲ್ಲಿ ಬಿಟ್ಟುಕೊಡೋಣ. ಅವನಿಗೆ ಬೇರೆ ಬಣ್ಣದ ಒಂದು ಟೋಕನ್. ಗೇಟಿನ ಒಳಗೆ ಪ್ರಕರಣ ಬೇಡ. ಗೇಟಿನಾಚೆ ಪೊಲೀಸ್ ಜೀಪು, ಅಲ್ಲಿ ಸಿಕ್ಕವನಿಗೆ ಯಾವ ರಿಯಾಯಿತಿಯೂ ಬೇಡ.

ಮೇಲ್ವಿಚಾರಕರು ಕುರ್ಚಿ ಹಿಂದೆ ಸರಿಸಿದರು. "ಅಂದ್ರ ಕುಡದವಗ ಬಹುಮಾನ! ಕುಡೀಲಾರದಂವ ಸಾಲಿನ್ಯಾಗ ನಿಂತು ಸಾಯ್ಬೇಕು, ಕುಡದಂವ ಮಲಗಿ ಎದ್ದು ಮುಂದ ಹೋಗ್ಬೇಕು. ಯಾ ನ್ಯಾಯ್ರಿ ಇದು?"

"ಕುಡದೇನಂತ ಒಪ್ಪಿದವನ್ನ ಬಿಟ್ಟ ಬಿಡ್ರಿ ಅಂತೀರಿ" ಎಂದರು ಪಿಎಸ್‌ಐ ಸಾಹೇಬರು. "ನಾಳೆ ಮ್ಯಾಲಿನವ್ರು ಕೇಳಿದರ ನಾ ಏನ್ ಹೇಳ್ಲಿ?"

ಅನ್ಯಾಯ ಇದ್ದೇ ಇತ್ತು. ಇದರಲ್ಲಿ ಹೆಚ್ಚು ಕಳೆದುಕೊಳ್ಳುವವರು ಕಾಕಾರಂಥವರು. ಅದಕ್ಕೇ ಅವರನ್ನು ಕರೆದದ್ದು ಎಂದು ಹೇಳಿ, ಅವರ ಕಡೆ ನೋಡಿದೆ.

ಕಾಕಾ ಬಾಗಿಲು ಬಿಟ್ಟು ಒಳಗೆ ಬಂದರು. "ನನ್ನ ಮುಂದ ಹತ್ತು ಗಾಡಿ ಹೋಗ್ಲಿ ಬಿಡ್ರಿ" ಎಂದರು. "ಆ ಸೈಕಲ್ಲಿನ ಗಾಲಿ ನಾ ಕೈಯಾಗ ಹಿಡದ ನೋಡೇನಿ."

ಮಾಲೀಕರು ತಾವೂ ಒಂದು ಮಾತು ಸೇರಿಸಿದರು. ಟ್ರ್ಯಾಕ್ಟರಿನವರು ಬಂದರೆ ಕೊಡುವ ಮುನ್ನ "ಗಾಡಿ ಎಲ್ಲೈತಿ?" ಎಂದು ಕೇಳುವುದು, ಕುಡಿದು ಯಾರ್ಡಿನ ಕಡೆ ನಡೆದವರ ಸುದ್ದಿಯನ್ನು ಗೇಟಿಗೆ ಫೋನ್ ಮಾಡುವುದು. ಮೇಲ್ವಿಚಾರಕರು, "ನೋಡೂಣಂತ, ಒಂದ ವಾರ. ಕಬ್ಬ ನಿಂತ್ರ ನಾನ ಮೇಜ ಹೊತ್ತು ಒಗೀತೇನಿ" ಎಂದರು. ಪಿಎಸ್‌ಐ ಸಾಹೇಬರು ಟೋಪಿ ಎತ್ತಿಕೊಂಡು ಎದ್ದರು. ಅವರ ಜೀಪು ಮರುದಿನ ತಿರುವಿನ ಬೇವಿನ ಮರದ ಕೆಳಗೆ ನಿಂತಿತ್ತು.

ಮೊದಲೆರಡು ದಿನ ಶೆಡ್ಡು ಖಾಲಿ. ನಂಬಿಕೆ ಯಾರಿಗೂ ಇರಲಿಲ್ಲ. ಮೂರನೆಯ ದಿನ ಒಬ್ಬ ಬಂದು, "ಕುಡದೇನ್ರಿ, ಟೋಕನ್ ಕೊಡ್ರಿ" ಎಂದ. ಊದಿಸಿದರೆ ಸೊನ್ನೆ. ಇನ್ನೊಮ್ಮೆ ಊದಿಸಿದೆ, ಸೊನ್ನೆ. ಗದರಿಸಬೇಕೆಂದು ಮುಖ ನೋಡಿದರೆ ಅವನ ಕಣ್ಣು ಕೆಂಡ.

"ಖರೇ ಹೇಳು, ಎಷ್ಟ ದಿನ ಆತು ಮಲಗಿ?"

"ನಿನ್ನೆನೂ ಇಲ್ರಿ, ಮೊನ್ನೆನೂ ಇಲ್ರಿ. ಕುಡದವ್ರಿಗೆ ಮಲಗಾಕ ಕೊಡಾಕತ್ತೀರಿ, ನಾವೇನ್ ಪಾಪ ಮಾಡೇವ್ರಿ?"

ಮೇಲ್ವಿಚಾರಕರು ಬಿದ್ದು ಬಿದ್ದು ನಕ್ಕರು. ಅವನಿಗೂ ಟೋಕನ್ ಕೊಟ್ಟೆವು. ನಿದ್ದೆಗೆಟ್ಟವನು ಕುಡಿದವನಿಗಿಂತ ಒಳ್ಳೆಯ ಡ್ರೈವರ್ ಏನಲ್ಲ. ಅಂದಿನಿಂದ ಶೆಡ್ಡು ಕುಡುಕರ ಶೆಡ್ಡು ಎಂಬ ಹೆಸರು ಕಳೆದುಕೊಂಡು ಮಲಗುವ ಶೆಡ್ಡು ಆಯಿತು. ಆ ಹೆಸರಿನಿಂದ ಕುಡಿದವರೂ ನಾಚಿಕೆ ಬಿಟ್ಟು ಬರತೊಡಗಿದರು. ಕಬ್ಬು ನಿಲ್ಲಲಿಲ್ಲ. ಜೀಪಿಗೆ ಸಿಕ್ಕವರೂ ಇದ್ದರು, ಇಲ್ಲವೆಂದರೆ ಸುಳ್ಳಾಗುತ್ತದೆ.

ಕಾಕಾರ ಉಪಕಾರವೂ ಬದಲಾಯಿತು. ಯಾರಾದರೂ ಹೊರಗೆ ಬಿಡಿರಿ ಎಂದರೆ ಅವರದು ಒಂದೇ ಉತ್ತರ: "ಮನಿತನಕ ಬಿಡ್ತೇನಿ, ಗೇಟಿನತನಕ ಬಿಡಂಗಿಲ್ಲ." ಒಬ್ಬಿಬ್ಬರನ್ನು ನಿಜಕ್ಕೂ ಮನೆಯ ತನಕ ಬಿಟ್ಟು ಬಸ್ಸಿನಲ್ಲಿ ವಾಪಸ್ ಬಂದರು.

ಮುಗಳಖೋಡದ ಡ್ರೈವರ್ ಆ ಮೂರು ತಿಂಗಳು ಹೊಲದಲ್ಲಿ ಅದೇ ಟ್ರ್ಯಾಕ್ಟರಿಗೆ ಕಬ್ಬು ಹೇರುವ ಕೆಲಸ ಮಾಡಿದನಂತೆ. ಹಂಗಾಮು ಮುಗಿಯುವ ಹೊತ್ತಿಗೆ ಲೈಸೆನ್ಸ್ ಮರಳಿ ಸಿಕ್ಕು ಗಾಡಿ ಹತ್ತಿ ಬಂದ. ಹಾಡಿನ ಸದ್ದು ತಗ್ಗಿತ್ತು. ನನ್ನ ಕಡೆ ನೋಡದೆ ಊದಿ ಹೋಗುತ್ತಿದ್ದ.

ಕೊನೆಯ ದಿನ ಹತ್ತಿರವಾದಂತೆ ನನಗೆ ಒಂದು ವಿಷಯ ಹೊಳೆಯಿತು. ನಮ್ಮ ಇಡೀ ವ್ಯವಸ್ಥೆ ನಿಂತದ್ದು ಮುಂದಿನ ಪಾಳಿಯ ಮೇಲೆ. ಹಂಗಾಮಿನ ಕೊನೆಯ ಖೇಪಿಗೆ ಮುಂದಿನ ಪಾಳಿ ಇಲ್ಲ. ಆ ದಿನ ಗಾಡಿಗಳಿಗೆ ಬಾಳೆಕಂಬ ಕಟ್ಟಿ, ಗುಲಾಲು ಎರಚಿ, ಕುಡಿಯದೆ ಇರುವವರೂ ಗುಟುಕು ಹಾಕುವುದು ರೂಢಿ.

"ಇವತ್ತ ನಿಮ್ಮ ಟೋಕನ್ ನಡಿಯಂಗಿಲ್ಲ ಮೇಡಂ" ಎಂದರು ಪಿಎಸ್‌ಐ ಸಾಹೇಬರು, ಕೊನೆಯ ದಿನ ಬೆಳಿಗ್ಗೆ, ಬೇವಿನ ಮರದ ಕೆಳಗೆ ಟೋಪಿ ಸರಿಪಡಿಸುತ್ತ. "ಇವತ್ತ ನನ್ನ ಜೀಪ ಒಂದ ನಡಿಯೂದು."

ಮಧ್ಯಾಹ್ನದ ಹೊತ್ತಿಗೆ ಯಾರ್ಡೆಲ್ಲ ಗುಲಾಬಿ ಬಣ್ಣ. ಅಂಗಡಿಯಿಂದ ಮೇಲಿಂದ ಮೇಲೆ ಫೋನ್: "ಮೇಡಂ, ಆಣಖಿ ದೋಘೇ, ಮತ್ತಿಬ್ಬರು ಬರಾಕತ್ತಾರ." ಒಬ್ಬ ಬೇಲಿ ಸಂದಿಯಿಂದ ಗಾಡಿ ನುಗ್ಗಿಸಿ ತಿರುವಿನಲ್ಲಿ ಸಿಕ್ಕಿಬಿದ್ದ. ಕೆಲವರು ಬೈಯುತ್ತ ಶೆಡ್ಡಿಗೆ ಹೋದರು. ಬಸ್ಸಿನ ಹೊತ್ತು ಹತ್ತಿರವಾಗುತ್ತಿತ್ತು. ಹುಡುಗಿಯರು ಪರೀಕ್ಷೆಯ ರಟ್ಟು ಹಿಡಿದು ಒಬ್ಬೊಬ್ಬರಾಗಿ ನಿಲ್ದಾಣಕ್ಕೆ ಬರುತ್ತಿದ್ದರು.

ಆಗ ಮುಗಳಖೋಡದ ಡ್ರೈವರ್ ನಡೆದುಕೊಂಡು ಬಂದ. ತಲೆಯಿಂದ ಅಂಗಾಲಿನವರೆಗೆ ಗುಲಾಲು. ಮೇಜಿನ ಮೇಲೆ ಟ್ರ್ಯಾಕ್ಟರಿನ ಕೀಲಿ ಇಟ್ಟ.

"ಊದಸೂದೇನ್ ಬ್ಯಾಡ್ರಿ ಅಕ್ಕಾರ. ತಗೊಂಡೇನಿ."

ಸುಳ್ಳು ಆಸೆ ಹುಟ್ಟಿಸಬಾರದೆಂದು ನಾನು ಹೇಳಿದೆ: "ನೋಡಪಾ, ಇವತ್ತ ಉಳಸಾಕ ಪಾಳಿ ಏನೂ ಇಲ್ಲ. ಟೋಕನ್ ಕೊಟ್ಟರೂ ಉಪಯೋಗಿಲ್ಲ."

"ಗೊತ್ತೈತ್ರಿ. ಪಾಳಿ ಯಾರ ಕೇಳ್ಯಾರ್ರಿ?" ಅವನು ಗೇಟಿನಾಚೆ ನೋಡಿದ. "ಆ ಬಸ್ ಒಂದು ಹೋಗ್ಲಿ ಅಂತ ಬಂದೇನಿ."

ಅವನು ಶೆಡ್ಡಿಗೆ ಹೋಗಲಿಲ್ಲ. ಮೇಜಿನ ಪಕ್ಕದಲ್ಲೇ ನೆಲದ ಮೇಲೆ ಕುಳಿತ. ಕಾಕಾ ತಮ್ಮ ಗಾಡಿ ಯಾರ್ಡಿನಲ್ಲೇ ಬಿಟ್ಟು ಬಂದು ಕೀಲಿ ಎತ್ತಿಕೊಂಡರು.

"ನಡಿಯಲೇ, ಬಿಟ್ಟ ಬರ್ತೇನಿ."

"ಕಾಕಾ, ಗೇಟಿನತನಕನ?" ಅವನು ಮೊದಲ ಸಲ ನಕ್ಕ.

"ಮಂಗ್ಯಾನಂಥಾಂವ, ಮುಗಳಖೋಡದತನಕ. ನಿಮ್ಮವ್ವನ ಕೈಯಾಗ ಕೊಟ್ಟ ಬರ್ತೇನಿ. ಹಾಡ ಹಚ್ಚಿದರ ಮಾತ್ರ ನಡುದಾರ್ಯಾಗ ಇಳಸ್ತೇನಿ."

ಬಸ್ ಬಂತು, ಹುಡುಗಿಯರನ್ನು ಹತ್ತಿಸಿಕೊಂಡು ಹೋಯಿತು. ಅದು ಕಣ್ಮರೆಯಾದ ಮೇಲೆ ಕಾಕಾ ನನ್ನೆದುರು ಊದಿದರು, ಸೊನ್ನೆ. ಟ್ರ್ಯಾಕ್ಟರ್ ಗೇಟು ದಾಟಿತು. ಡ್ರೈವರ್ ಮಡ್‌ಗಾರ್ಡಿನ ಮೇಲೆ ಕುಳಿತು ಎರಡೂ ಕೈಯಿಂದ ಬಿಗಿಯಾಗಿ ಹಿಡಿದುಕೊಂಡಿದ್ದ. ಖಾಲಿ ಟ್ರೇಲರುಗಳು ಖಡಖಡ ಸದ್ದು ಮಾಡುತ್ತ ಹಿಂದೆ ಹೋದವು. ತಿರುವಿನಲ್ಲಿ, ಆ ಮುರಿದ ಕಂಬದ ಹತ್ತಿರ, ಈಗ ಯಾರೂ ಇರಲಿಲ್ಲ. ಆದರೂ ಕಾಕಾ ಅಲ್ಲಿ ಗಾಡಿ ನಿಧಾನ ಮಾಡಿದರು.